ಪೊರೆಗೊಂದು ಪೆಟ್ಟಿಗೆ

ಮಳೆಗಾಲ ಹಿಡಿಯುವ ಮುಂಚೆ ನಮ್ಮ ಮಲೆನಾಡಿನ ಮರಗಳ ಬೊಡ್ಡೆಯ ಮೇಲೆ ಕಂದುಬಣ್ಣದ ಹುಳಗಳು ಕೂತಿರುತ್ತವೆ. ಹತ್ತಿರ ಹೋದರೆ ಹುಳವಿಲ್ಲ, ಬರೀ ಅಂಗಿ. ವರ್ಷಗಟ್ಟಲೆ ಮಣ್ಣೊಳಗೆ ಬೇರಿನ ರಸ ಹೀರುತ್ತಿದ್ದ ಜೀರುಂಡೆ ಒಂದು ರಾತ್ರಿ ಮೇಲೆ ಹತ್ತಿ, ಮರಕ್ಕೆ ಉಗುರೂರಿ, ಬೆನ್ನು ಸೀಳಿಕೊಂಡು ಹೊರಬಿದ್ದು ಹಾಡಲು ಹೋಗಿರುತ್ತದೆ. ಬಿಟ್ಟುಹೋದ ಪೊರೆಯಲ್ಲಿ ಕಾಲು, ಉಗುರು, ಕಣ್ಣಿನ ಗುಳ್ಳೆ ಎಲ್ಲವೂ ಇದ್ದ ಹಾಗೇ ಇರುತ್ತವೆ. ಸೀಳಿನೊಳಗೆ ಇಣುಕಿದರೆ ಒಂದಿಷ್ಟು ಬಿಳಿ ಎಳೆಗಳು. ಅವು ಅದರ ಉಸಿರುನಾಳಗಳ ಒಳಪದರ. ಉಸಿರಾಡಿದ ಕೊಳವೆಯನ್ನೂ ಕಳಚಿಟ್ಟು ಹೋಗುವಂಥ ವೈರಾಗ್ಯವನ್ನು ನಾನು ಯಾವ ಮಠದಲ್ಲೂ ಕಂಡಿಲ್ಲ.

ಇಂಥದ್ದನ್ನು ಮನೆಗೆ ತರದೆ ಇರುವುದು ಹೇಗೆ? ಹಕ್ಕಿಯ ಗೂಡು, ಮೊಟ್ಟೆಗಳ ತಂಟೆಗೆ ಹೋಗುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಬೇಟೆಯ ಲೆಕ್ಕಕ್ಕೇ ಹಿಡಿಯುತ್ತದೆ. ಜೀರುಂಡೆಯ ಹಳೇ ಅಂಗಿಗೆ ಮಾತ್ರ ಇದುವರೆಗೆ ಯಾರೂ ತಕರಾರು ತೆಗೆದಿಲ್ಲ, ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು.

ಇಡುವುದು ಯಾವುದರಲ್ಲಿ ಎಂದು ಕೇಳಿದರೆ ಎಲ್ಲರೂ ಒಂದೇ ಬಾಯಲ್ಲಿ ಹತ್ತಿ ಎನ್ನುತ್ತಾರೆ. ಹತ್ತಿಯಷ್ಟು ದೊಡ್ಡ ಶತ್ರು ಈ ಪೊರೆಗೆ ಇನ್ನೊಂದಿಲ್ಲ. ಅದರ ಕಾಲಿನ ಉಗುರು ಕೊಕ್ಕೆಯಂಥದ್ದು. ಹತ್ತಿಗೆ ಸಿಕ್ಕಿಕೊಂಡರೆ ಎತ್ತುವಾಗ ಪೊರೆ ಕೈಗೆ ಬರುತ್ತದೆ, ಕಾಲು ಹತ್ತಿಯಲ್ಲೇ ಉಳಿಯುತ್ತದೆ. ದಿನಪತ್ರಿಕೆಯಲ್ಲಿ ಸುತ್ತಿಡೋಣವೆಂದರೆ ಆ ಕಾಗದದಲ್ಲಿ ಮರದ ಲಿಗ್ನಿನ್ ಉಳಿದಿರುತ್ತದೆ. ತಾನೇ ಹಳದಿಗಟ್ಟಿ ಮುರಿಯುವ ಕಾಗದ ಬೇರೆಯವರನ್ನೇನು ಕಾಪಾಡೀತು? ಮೈದಾ ಅಂಟು ಹಚ್ಚಿ ರಟ್ಟಿನ ಡಬ್ಬಿ ಮಾಡಿದರೆ, ಪುಸ್ತಕದ ಸಂದಿಯಲ್ಲಿ ಓಡಾಡುವ ಬೆಳ್ಳಿಬಣ್ಣದ ಹುಳಕ್ಕೆ ಎಲೆ ಹಾಕಿ ಬಡಿಸಿದ ಹಾಗೆ. ಅಂದಮೇಲೆ ಅಂಟಿಲ್ಲದ, ಬರೀ ಮಡಿಕೆಯಲ್ಲೇ ನಿಲ್ಲುವ ಪೆಟ್ಟಿಗೆಯೇ ಆಗಬೇಕು.

ಅಂಥದ್ದು ಜಪಾನಿನವರ ಬಳಿ ಇದೆ. ಅಕ್ಕಿ ಅಳೆಯುವ ಅವರ ಚೌಕ ಮರದ ಮಾಪಕ್ಕೆ ಮಸು ಎಂದು ಹೆಸರು. ಒರಿಗಾಮಿಯ ಪೆಟ್ಟಿಗೆಗೂ ಅದೇ ಹೆಸರು. ಎ4 ಹಾಳೆಯಿಂದ 210 ಮಿಲಿಮೀಟರಿನ ಚೌಕ ಕತ್ತರಿಸಿ, ನಾಲ್ಕು ಮೂಲೆಗಳನ್ನು ನಡುವಿಗೆ ತಂದು ಮಡಿಸುತ್ತಾ ಹೋದರೆ 74 ಮಿಲಿಮೀಟರ್ ಅಗಲ, 37 ಮಿಲಿಮೀಟರ್ ಎತ್ತರದ ಪೆಟ್ಟಿಗೆ ಎದ್ದು ನಿಲ್ಲುತ್ತದೆ. ಇದು ಮುಚ್ಚಳ. ಕೆಳಗಿನದಕ್ಕೆ ಚೌಕ 205 ಇರಲಿ, ಸಲೀಸಾಗಿ ಕೂರುತ್ತದೆ. ಇದರ ನಿಜವಾದ ಸೊಗಸು ತಳದಲ್ಲಿದೆ. ನಾಲ್ಕು ಮೂಲೆಗಳೂ ಅಲ್ಲಿ ಬಂದು ಕೂಡುತ್ತವಲ್ಲ, ಆ ತುದಿಗಳನ್ನು ಮೆಲ್ಲಗೆ ಎತ್ತಿ ಒಂದು ತೆಳು ತೊಗಟೆಚೂರನ್ನು ಸಿಕ್ಕಿಸಿಬಿಡಬಹುದು. ಪೊರೆಯನ್ನು ನಾವು ಹಿಡಿಯಬೇಕಾಗಿಯೇ ಇಲ್ಲ. ತೊಗಟೆ ಕೊಟ್ಟರೆ ಅದೇ ಹಿಡಿದುಕೊಳ್ಳುತ್ತದೆ. ಹುಟ್ಟಿದಾರಭ್ಯ ಅದು ಕಲಿತ ವಿದ್ಯೆಯೇ ಅದು.

ಕಾಗದಕ್ಕೂ ಕಷ್ಟಪಡಬೇಕಾಗಲಿಲ್ಲ. ನೆಂಟರ ಮನೆಯ ಮದುವೆ ಕಾಗದ ಹ್ಯಾಂಡ್‌ಮೇಡ್ ಪೇಪರಿನಲ್ಲಿ ಬಂದಿತ್ತು. ಬನಿಯನ್ ಕಾರ್ಖಾನೆಯಲ್ಲಿ ಕತ್ತರಿಸಿ ಉಳಿದ ಹತ್ತಿಬಟ್ಟೆಯ ಚೂರುಗಳಿಂದಲೂ ಇಂಥ ಕಾಗದ ಮಾಡುತ್ತಾರೆ. ನಾರು ದಿಕ್ಕಾಪಾಲಾಗಿ ಹೆಣೆದುಕೊಂಡಿರುವುದರಿಂದ ಯಾವ ಕಡೆಗೆ ಮಡಿಸಿದರೂ ಒಂದೇ ಹದ. ತೊಡಕು ಒಂದೇ: ಮುಖಪುಟದ ನಟ್ಟನಡುವೆ ಗಣಪತಿ.

"ಗಣಪತಿ ಮೇಲೆ ಹುಳದ ಚರ್ಮ ಕೂರಿಸ್ತೀರೇನ್ರೀ?" ಎಂದಳು ನನ್ನವಳು.

ಪ್ರಶ್ನೆ ಭಕ್ತಿಯದಾದರೂ ಉತ್ತರ ಜ್ಯಾಮಿತಿಯದು. ಚಿತ್ರ ಒಳಮುಖವಾಗಿ ತಳ ಮಡಿಸಿದರೆ ನಾಲ್ಕು ಮೂಲೆಗಳಡಿ ದೇವರು ಮುಚ್ಚಿಹೋಗುತ್ತಾನೆ, ಪೊರೆ ಅವನ ಹೊಟ್ಟೆಯ ಮೇಲೆ. ಹೊರಮುಖವಾಗಿ ಮಡಿಸಿದರೆ ದೇವರು ಮೇಜಿಗೆ ಮೂಗು, ಅಂದರೆ ಸೊಂಡಿಲು, ಉಜ್ಜುತ್ತಾನೆ. ಮುಚ್ಚಳದ ಒಳಗಿಟ್ಟರೆ ಮಡಿಕೆಗಳೊಳಗೆ ಬೋರಲಾಗಿ ತೂಗುತ್ತಾನೆ. ಉಳಿದದ್ದು ಮುಚ್ಚಳದ ನೆತ್ತಿಯೊಂದೇ. ಹಾಗೇ ಮಡಿಸಿದೆ. ಗಣಪತಿ ಚೌಕದ ಮೇಲೆ ಪೀಠಸ್ಥನಾಗಿ ಬಹಳ ಲಕ್ಷಣವಾಗಿ ಕಂಡ.

ಲಕ್ಷಣವಾಗಿದ್ದುದೇ ಸಂಕಟಕ್ಕೆ ಬಂತು. ಮೇಜಿನ ಮೇಲಿದ್ದ ಪೆಟ್ಟಿಗೆಯನ್ನು ಅಮ್ಮ ದೇವರ ಕೋಣೆಗೆ ಒಯ್ದು, ಕುಂಕುಮ ಹಚ್ಚಿ, ದಾಸವಾಳ ಏರಿಸಿಬಿಟ್ಟಳು. ಒಳಗೇನಿದೆ ಎಂದು ಕೇಳಿದ ನೆಂಟರಿಗೆ, "ಯಾವುದೋ ಕ್ಷೇತ್ರದ ಪ್ರಸಾದ ಇರ್ಬೇಕು, ನಮ್ಮ ಅಪ್ಪಿ ಭಾಳ ಜೋಪಾನ ಮಾಡಿಟ್ಟಿದಾನೆ" ಎನ್ನುತ್ತಾಳೆ. ಎತ್ತಿಕೊಳ್ಳಲು ಹೋದರೆ, "ಸ್ನಾನ ಆಯ್ತನಾ?" ಎಂಬ ಪ್ರಶ್ನೆ. ನನ್ನವಳಿಗೆ ಎಲ್ಲ ಗೊತ್ತು, ಆದರೆ ಮುಸಿಮುಸಿ ನಗುವುದು ಬಿಟ್ಟು ಬೇರೇನೂ ಮಾಡುವುದಿಲ್ಲ.

ಹೊನ್ನೆ ಮರದ ರೆಕ್ಕೆಗಾಯಿಗಳು ಇನ್ನೊಂದು ಪೆಟ್ಟಿಗೆಗೆ ಕಾದು ಕೂತಿವೆ. ಈ ಸಲ ದೇವರಿಲ್ಲದ ಕಾಗದವೇ ಬೇಕೆಂದು ಮನೆಯೆಲ್ಲ ಹುಡುಕಿದೆ. ಗೃಹಪ್ರವೇಶದ ಕಾಗದದಲ್ಲಿ ಲಕ್ಷ್ಮಿ, ನಾಮಕರಣದ್ದರಲ್ಲಿ ತೊಟ್ಟಿಲ ಕೃಷ್ಣ, ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ತಿರುಪತಿ ತಿಮ್ಮಪ್ಪ. ಯಾವ ದೇವರೂ ಇಲ್ಲದೆ ನಮ್ಮ ಮನೆಗೆ ಬರುವ ಕಾಗದ ಕರೆಂಟ್ ಬಿಲ್ಲೊಂದೇ. ಅದಕ್ಕೆ ಅಗಲ ಸಾಲದು.