ಸಂಪಿನಿಂದ ಹೊರಟ ಮಿಂಚಂಚೆ

ಬನಶಂಕರಿ ಎರಡನೇ ಹಂತದ ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಎಷ್ಟು ಹೊತ್ತಿಗೆ ಎಂಬುದು ವಾಲ್ವ್‌ಮ್ಯಾನ್‌ಗೆ ಗೊತ್ತು, ಎದುರುಮನೆ ಅಜ್ಜಿಗೆ ಗೊತ್ತು. ಅಜ್ಜಿ "ನೀರು ಬಂತೂ" ಎಂದು ಕೂಗಿದರೆ ಸಾಲಾಗಿ ಸಂಪಿನ ಮುಚ್ಚಳಗಳು ತೆರೆಯುತ್ತವೆ. ಆದರೆ ಇಷ್ಟು ವರ್ಷ ಸಾಫ್ಟ್‌ವೇರ್ ಸಂಬಳ ಉಂಡ ನಾನು ಅಜ್ಜಿಯ ಗಂಟಲನ್ನು ನಂಬಿ ಸ್ನಾನ ಮಾಡುವುದೇ? ಸಂಪಿಗೆ ಫ್ಲೋಟ್ ಸ್ವಿಚ್ ಇಳಿಬಿಟ್ಟು, ತಂತಿಯನ್ನು ರಾಸ್ಪ್‌ಬೆರಿ ಪೈಗೆ ಕಟ್ಟಿ, ಆ ಪುಟ್ಟ ಪೆಟ್ಟಿಗೆಯನ್ನು ಯುಪಿಎಸ್ ತಲೆಯ ಮೇಲೆ ಪ್ರತಿಷ್ಠಾಪಿಸಿದೆ. ನೀರು ಏರುತ್ತಿರುವಷ್ಟು ಹೊತ್ತೂ ನಿಮಿಷಕ್ಕೊಂದು ಮೇಲ್.

"ವಾಟ್ಸಾಪ್ ಸಾಲ್ದೇನ್ರೀ?" ಎಂದಳು ಹೆಂಡತಿ. ಸ್ವಂತ ಡೊಮೇನು, ಸ್ವಂತ ಸರ್ವರು ಎಂಬ ಗತ್ತು ವಾಟ್ಸಾಪಿನಲ್ಲಿ ಎಲ್ಲಿಂದ ಬರಬೇಕು? ಆ ಗತ್ತು ನಾಲ್ಕು ಜನಕ್ಕೆ ತಿಳಿಯಲೆಂದು ಷಡ್ಡಕ, ಸೋದರಮಾವ, ನ್ಯೂಜೆರ್ಸಿಯ ಭಾಮೈದ ಎಲ್ಲರ ವಿಳಾಸಗಳನ್ನೂ ಸೇರಿಸಿದೆ.

ನೀರು ಬಂತು. ಅಜ್ಜಿ ಕೂಗಿದರು. ಮೇಲ್ ಮಾತ್ರ ಬರಲಿಲ್ಲ.

ಮೇಲ್ ಕಳಿಸಲು ನಾನು ಹಾಕಿಕೊಂಡಿದ್ದು ಪೋಸ್ಟ್‌ಫಿಕ್ಸ್. ಐಬಿಎಂನಲ್ಲಿದ್ದಾಗ ವೀಟ್ಸ ವೆನೆಮಾ ಬರೆದು 1998ರಲ್ಲಿ ಹೊರಬಂದ ಗಟ್ಟಿ ತಂತ್ರಾಂಶ. ಅದರ ಮೇಲೆ ಗೂಬೆ ಕೂರಿಸುವಂತಿರಲಿಲ್ಲ. ಲಾಗ್ ತೆರೆದರೆ ಉದ್ದಕ್ಕೂ ಒಂದೇ ಜಪ: 'ಕನೆಕ್ಷನ್ ಟೈಮ್ಡ್ ಔಟ್'. ಒಂದು ಸರ್ವರಿನಿಂದ ಇನ್ನೊಂದಕ್ಕೆ ಅಂಚೆ ಹೋಗುವುದು 25ನೇ ಪೋರ್ಟಿನಲ್ಲಿ. 1982ರಲ್ಲಿ ಜಾನ್ ಪೋಸ್ಟೆಲ್ ಎಸ್‌ಎಂಟಿಪಿ ನಿಯಮ ಬರೆದಾಗ ಯಾರು ಯಾರಿಗೆ ಬೇಕಾದರೂ ಕಾಗದ ತಲುಪಿಸಬಹುದಿತ್ತು, ಗುರುತು ಕೇಳುವವರಿರಲಿಲ್ಲ. ಆಮೇಲೆ ವೈರಸ್ ಹೊಕ್ಕ ಮನೆ ಕಂಪ್ಯೂಟರುಗಳು ರಾತ್ರಿಯಿಡೀ ಸ್ಪ್ಯಾಮ್ ಕಾರತೊಡಗಿದವು. ಇಂಟರ್‌ನೆಟ್ ಕೊಡುವ ಕಂಪನಿಗಳು ಎಷ್ಟೋ ಕಡೆ ಮನೆ ಗ್ರಾಹಕರಿಗೆ ಆ ಬಾಗಿಲನ್ನೇ ಮುಚ್ಚಿದವು.

ಮುಚ್ಚದಿದ್ದರೂ ಸುಖವಿರಲಿಲ್ಲವೆಂದು ಆಮೇಲೆ ತಿಳಿಯಿತು. ಮನೆಗಳಿಗೆ ಕೊಡುವ ಐಪಿ ವಿಳಾಸಗಳನ್ನು ಸ್ಪ್ಯಾಮ್‌ಹೌಸ್ ಎಂಬ ಸಂಸ್ಥೆ ಒಂದು ಪಟ್ಟಿಗೆ ಸೇರಿಸಿಟ್ಟಿರುತ್ತದೆ. ಏನೋ ತಪ್ಪು ಮಾಡಿದರೆಂದಲ್ಲ, ಮನೆಯಿಂದ ಅಂಚೆ ನೇರ ಹೊರಡಕೂಡದು ಎಂದಷ್ಟೇ. 'ಕಪ್ಪುಪಟ್ಟಿ' ಎಂಬ ಮಾತು ಅಮ್ಮನ ಕಿವಿಗೆ ಬಿದ್ದದ್ದೇ, ಮಂಗಳವಾರದ ರಾಹುಕಾಲಕ್ಕೆ ಬನಶಂಕರಿ ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿ ಬಂದಳು. ಪೋರ್ಟು ತೆರೆಯಲಿಲ್ಲ.

ದಾರಿ ತೋರಿಸಿದವರು ಜಲಮಂಡಳಿಯಿಂದ ನಿವೃತ್ತರಾದ ಮಾವ. ನನ್ನ ಗೋಳನ್ನೆಲ್ಲ ಕೇಳಿ, ಕಾಫಿ ಲೋಟ ಕೆಳಗಿಟ್ಟರು.

"ಅಳಿಯಂದಿರೇ, ಕಾವೇರಿಯೇ ನೇರ ಬರೋದಿಲ್ಲ. ತೊರೆಕಾಡನಹಳ್ಳೀಲಿ ಒಂದ್ಸಲ ಎತ್ತಬೇಕು, ಹಾರೋಹಳ್ಳೀಲಿ ಒಂದ್ಸಲ, ತಾತಗುಣೀಲಿ ಇನ್ನೊಂದ್ಸಲ. ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರ. 1974ರಿಂದ ಬರ್ತಿರೋದೇ ಹೀಗೆ. ನಿಮ್ಮ ಕಾಗದಕ್ಕೆ ಮಾತ್ರ ನೇರ ಹೋಗೋ ಹಠ ಯಾಕೆ?"

ಅವರು ಹೇಳಿದ್ದಕ್ಕೆ ನಮ್ಮ ಕಸುಬಿನಲ್ಲಿ ರಿಲೇ ಅನ್ನುತ್ತೇವೆ. ಹೆಸರು ಕೆಡಿಸಿಕೊಳ್ಳದ ಒಂದು ಸರ್ವರಿನಲ್ಲಿ ಖಾತೆ ತೆರೆದು, ಕಾಗದವನ್ನು 587ನೇ ಪೋರ್ಟಿನಲ್ಲಿ ಅದಕ್ಕೆ ಒಪ್ಪಿಸಬೇಕು. ಮುಂದಿನ ಊರಿಗೆ ಮುಟ್ಟಿಸುವುದು ಅದರ ಜವಾಬ್ದಾರಿ. ಇಲ್ಲಿ ಗುಟ್ಟಿನ ಪದ ಕೇಳುತ್ತಾರೆ, ದಾರಿಯಲ್ಲಿ ಯಾರೂ ಇಣುಕದಂತೆ ಟಿಎಲ್‌ಎಸ್ ಹೊದಿಸುತ್ತಾರೆ. ನಮ್ಮ ಡೊಮೇನಿನ ಎಸ್‌ಪಿಎಫ್ ದಾಖಲೆಯಲ್ಲಿ 'ನಮ್ಮ ಹೆಸರಲ್ಲಿ ಕಳಿಸಲು ಇವರಿಗೆ ಒಪ್ಪಿಗೆಯಿದೆ' ಎಂದು ಬರೆಯದಿದ್ದರೆ ಅತ್ತಕಡೆಯವರು ಅನುಮಾನಿಸುತ್ತಾರೆ. ಪೋಸ್ಟ್‌ಫಿಕ್ಸ್‌ನಲ್ಲಿ 'ರಿಲೇಹೋಸ್ಟ್' ಎಂಬ ಒಂದು ಸಾಲು, ಗುಟ್ಟಿನ ಪದಕ್ಕೊಂದು ಫೈಲು, ಇನ್ನೆರಡು ಚಿಲ್ಲರೆ ಸಾಲು. ಸ್ವಂತ ಸರ್ವರಿನ ಗತ್ತು ಅಲ್ಲಿಗೆ ಮುಗಿಯಿತು.

ನಾನು ಲೆಕ್ಕಕ್ಕೆ ಹಿಡಿಯದ ಸಂಗತಿಯೊಂದಿತ್ತು. ಹೋಗದ ಕಾಗದವನ್ನು ಪೋಸ್ಟ್‌ಫಿಕ್ಸ್ ಬಿಸಾಡುವುದಿಲ್ಲ. 5 ದಿನದವರೆಗೆ ಸರದಿಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಕಳಿಸಲು ನೋಡುತ್ತದೆ. ನೀರು ಬಂದ ರಾತ್ರಿಗಳಲ್ಲಿ ನಿಮಿಷಕ್ಕೊಂದರಂತೆ ಪೇರಿಸಿಟ್ಟಿದ್ದೆಲ್ಲ ರಿಲೇ ಸಿಕ್ಕಿದ್ದೇ ತಡ, ಒಟ್ಟಿಗೇ ನುಗ್ಗಿತು. ಭಾಮೈದ ನ್ಯೂಜೆರ್ಸಿಯಿಂದ ಗಾಬರಿಯಲ್ಲಿ ಫೋನ್ ಮಾಡಿದ: "ಭಾವ, ಬನಶಂಕರಿ ಮುಳುಗೋಯ್ತಾ?" ಸೋದರಮಾವ ಫೋನ್ ಕೂಡ ಮಾಡಲಿಲ್ಲ. ಅಷ್ಟನ್ನೂ ಆಯ್ದು 'ಸ್ಪ್ಯಾಮ್' ಎಂದು ಒತ್ತಿಬಿಟ್ಟರು.

ಈಗ ನೀರು ಬಂದ ದಿನಕ್ಕೆ ಒಂದೇ ಮೇಲ್ ಹೋಗುತ್ತದೆ, ಕ್ಷಣಾರ್ಧದಲ್ಲಿ ತಲುಪುತ್ತದೆ. ಅಷ್ಟರಲ್ಲಿ ಅಜ್ಜಿ ಕೂಗಿ, ಹೆಂಡತಿ ಮೋಟರ್ ಹಾಕಿ ಆಗಿರುತ್ತದೆ, ಅದು ಬೇರೆ ಮಾತು. ಇದನ್ನು ಓದುತ್ತಿರುವ ಬಂಧುಗಳಲ್ಲಿ ನನ್ನದೊಂದು ಕೋರಿಕೆ. 'ನೀರು ಬಂತು' ಎಂಬ ಕಾಗದ ಕಂಡರೆ ದಯವಿಟ್ಟು 'ಸ್ಪ್ಯಾಮ್' ಒತ್ತಬೇಡಿ. ಹಾಗೆ ಒತ್ತಿದರೆ ರಿಲೇಯವರ ಹೆಸರು ಕೆಡುತ್ತದೆ, ಅವರು ನನ್ನ ಖಾತೆ ಮುಚ್ಚುತ್ತಾರೆ. ಓದದೆ ಅಳಿಸಿಬಿಡಿ, ಅಷ್ಟು ಸಾಕು.