ನನ್ನ ಕಪಾಟಿನ ಸಾರ್ವಜನಿಕ ಸೇವೆ

ನೌಕರಿಯಿಂದ ನಿವೃತ್ತನಾದ ಮನುಷ್ಯನಲ್ಲಿ ಲೋಕೋಪಕಾರದ ಉತ್ಸಾಹವು ಒಮ್ಮೆಲೆ ಉಕ್ಕೇಳುವುದನ್ನು ಕಂಡ ಮನೆಯವರು, ಈ ಉತ್ಸಾಹವು ಇಷ್ಟು ವರ್ಷಗಳ ಪರ್ಯಂತ ಎಲ್ಲಿ ಅಡಗಿತ್ತೆಂದು ವಿಸ್ಮಯಪಡುವುದು ಸಹಜವೇ. ಜತ್ತ ತಾಲೂಕಿನ ಕನ್ನಡ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿ ಸನಮಡಿಗೆ ಮರಳಿದ ನಾನು, ಪಡಸಾಲೆಯ ಮೂಲೆಯಲ್ಲಿದ್ದ ಸಾಗವಾನಿ ಕಪಾಟನ್ನು ಬರಿದು ಮಾಡಿ, ಅದರೊಳಗಿನ ಹಿತ್ತಾಳೆಯ ಭಾಂಡೆಗಳನ್ನು ಅಟ್ಟಕ್ಕೇರಿಸಿ, ಅವುಗಳ ಸ್ಥಾನದಲ್ಲಿ ಇನ್ನೂರರಷ್ಟು ಪುಸ್ತಕಗಳನ್ನು ಪ್ರತಿಷ್ಠಾಪಿಸಿ, ಅದಕ್ಕೆ ಸಾರ್ವಜನಿಕ ವಾಚನಾಲಯವೆಂದು ನಾಮಕರಣ ಮಾಡಿದ ದಿನ, ನನ್ನ ಪತ್ನಿಯು ಅಟ್ಟದ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿ, “ಸಾರ್ವಜನಿಕ ಅಂದ್ರ ಬಂದವ್ರಿಗೆಲ್ಲಾ ಚಹಾ ಯಾರು ಮಾಡಬೇಕ್ರಿ?” ಎಂದು ಕೇಳಿದಳು. ಗ್ರಂಥಾಲಯಶಾಸ್ತ್ರದ ಆಚಾರ್ಯರು ಈ ಮೂಲಭೂತ ಪ್ರಶ್ನೆಯನ್ನು ಕೈಗೆತ್ತಿಕೊಂಡಂತೆ ಕಾಣದು.

ಆಚಾರ್ಯರನ್ನು ಓದದೆಯೇ ಈ ಕಾರ್ಯಕ್ಕೆ ಕೈಹಾಕಿದವನು ನಾನಲ್ಲ. ಎಸ್. ಆರ್. ರಂಗನಾಥನ್ನರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳನ್ನು ನಾನು ಕಂಠಪಾಠ ಮಾಡಿದ್ದೆನು. ಪುಸ್ತಕಗಳಿರುವುದು ಉಪಯೋಗಕ್ಕಾಗಿಯೆಂಬ ಮೊದಲನೆಯ ಸೂತ್ರವನ್ನು ನಮ್ಮೂರಿನಲ್ಲಿ ಯಥಾರ್ಥವಾಗಿ ಗ್ರಹಿಸಿದವಳು ನೆರೆಮನೆಯ ಆಯಿ: ಮಾಳಿಗೆಯ ಮೇಲೆ ಹಪ್ಪಳ ಒಣಗಹಾಕಿದಾಗ ಹಾಸಿದ ಧೋತರವು ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ಇಡಲೆಂದು, ತೂಕವನ್ನು ಕೈಯಲ್ಲಿ ಹಿಡಿದು ನೋಡಿ, ನಾಲ್ಕು ಗ್ರಂಥಗಳನ್ನು ಆರಿಸಿಕೊಂಡು ಹೋದಳು, ಸಂಜೆಗೆ ಧೂಳು ಕೊಡವಿ ತಂದಿಟ್ಟಳು. ನನ್ನ ರಜಿಸ್ಟರಿನಲ್ಲಿ ಒಂದು ದಿನವೂ ತಡಮಾಡದ ಏಕಮಾತ್ರ ವಾಚಕಿ ಅವಳೇ. ವಾಚಕನ ಕಾಲವನ್ನು ಉಳಿಸಬೇಕೆಂಬ ನಾಲ್ಕನೆಯ ಸೂತ್ರದ ಗತಿಯನ್ನು ಮಾತ್ರ ಹೇಳದಿರುವುದೇ ಲೇಸು. ನಮ್ಮ ಕಟ್ಟೆಗೆ ಬರುವವರು ಕಾಲವನ್ನು ಉಳಿಸಲಿಕ್ಕೆ ಬರುವವರಲ್ಲ, ಕಳೆಯಲಿಕ್ಕೆ ಬರುವವರು. ಅವರಿಗೆ ಬೇಕಾದ ಪುಸ್ತಕವು ಕೂಡಲೆ ಸಿಕ್ಕಿಬಿಟ್ಟರೆ ಮೋಸಹೋದವರಂತೆ ಮುಖ ಮಾಡುತ್ತಾರೆ. ಗ್ರಂಥಾಲಯವು ಬೆಳೆಯುವ ಪ್ರಾಣಿಯೆಂಬ ಐದನೆಯ ಸೂತ್ರವನ್ನು ಒರಲೆಗಳು ನೆರವೇರಿಸುತ್ತಿವೆ.

ಸೇವೆಗಳೆಂದೂ ಮುಂಬರುವ ಕಾರ್ಯಕ್ರಮಗಳೆಂದೂ ಎರಡು ಶೀರ್ಷಿಕೆಗಳನ್ನಿಟ್ಟು, ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ದುಂಡಗಿನ ಅಕ್ಷರಗಳಿಂದ ನಾನೊಂದು ಫಲಕವನ್ನು ಬರೆದು ತೂಗುಹಾಕಿದೆನು. ಹದಿನೈದು ದಿನಗಳ ಅವಧಿಗೆ ಗ್ರಂಥಗಳ ಎರವಲು, ವರ್ತಮಾನಪತ್ರಗಳ ವಾಚನ, ಬಾಲವಿಭಾಗ (ಅಂದರೆ ಕಪಾಟಿನ ಕೆಳಗಿನ ಫಳಿ), ಪರಾಮರ್ಶನ ವಿಭಾಗ (ಅಂದರೆ ಒಂದು ನಿಘಂಟು) ಇತ್ಯಾದಿಗಳನ್ನು ನಮೂದಿಸಿದ ಆ ಫಲಕದಲ್ಲಿ, ಜನರು ನಿಜವಾಗಿ ಬಯಸಿ ಬಂದ ಸೇವೆಯೊಂದು ಇರಲೇ ಇಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಎಂಬ ನಮ್ಮ ಸೀಮೆಯಲ್ಲಿ, ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ಒಕ್ಕಲಿಗನ ಕೈಗೆ ಅವನದೇ ಹೊಲದ ದಾಖಲೆಯು ಮರಾಠಿಯಲ್ಲಿ ಬರುತ್ತದೆ. ಅದನ್ನು ಅವನು ನಾಲ್ಕು ಮಡಿಕೆ ಮಾಡಿ, ಟೊಪ್ಪಿಗೆಯೊಳಗಿಟ್ಟುಕೊಂಡು, ಕಥೆಕಾದಂಬರಿಗಳನ್ನು ದೂರದಿಂದಲೇ ನಮಸ್ಕರಿಸಿ, ನನ್ನ ಮುಂದೆ ಬಿಚ್ಚುತ್ತಾನೆ. “ಮಾಸ್ತರ, ಸಾತಬಾರಾದಾಗ ಏನ್ ಬರದಾರ ನೋಡ್ರಿ.” ಏಳನೆಯ ಮತ್ತು ಹನ್ನೆರಡನೆಯ ನಮೂನೆಗಳು ಕೂಡಿದ ಈ ಸಾತಬಾರಾ ಉತಾರೆಯಷ್ಟು ಏಕಾಗ್ರತೆಯಿಂದ ಕೇಳಲ್ಪಡುವ ವಾಙ್ಮಯವನ್ನು ನಾನು ಎರಡು ಭಾಷೆಗಳಲ್ಲಿಯೂ ಕಂಡಿಲ್ಲ. ಅಣ್ಣತಮ್ಮಂದಿರ ಹೆಸರುಗಳು ಬಂದಲ್ಲಿ ವೀರರಸ, ಸೊಸೈಟಿಯ ಸಾಲದ ಬೋಜಾ ಬಂದಲ್ಲಿ ಕರುಣರಸ, ಬೆಳೆಯ ಕಾಲಮ್ಮಿನಲ್ಲಿ ತಾನು ಬಿತ್ತದ ಬೆಳೆಯನ್ನು ಕೇಳಿದಾಗ ಅದ್ಭುತರಸ.

ಗಡಿಯಾಚೆಯ ಅಥಣಿ ತಾಲೂಕಿನಲ್ಲಿರುವ ನನ್ನ ಭಾವಮೈದುನನು ಬಂದಾಗಲೆಲ್ಲ ಈ ದಂದುಗವನ್ನು ನೋಡಿ ನಗುತ್ತಾನೆ. ಕರ್ನಾಟಕದ 1965ರ ಕಾಯಿದೆಯ ಪ್ರಕಾರ ಮನೆಯ ತೆರಿಗೆಯಲ್ಲಿ ನೂರಕ್ಕೆ 6 ರೂಪಾಯಿಗಳಂತೆ ಗ್ರಂಥಾಲಯದ ಕರವನ್ನು ತೆರುವವನಾದ್ದರಿಂದ, ಒಂದು ದಿನವೂ ಅದರ ಮೆಟ್ಟಿಲು ಹತ್ತದಿದ್ದರೂ ತಾನೊಬ್ಬ ವಿದ್ಯಾಪೋಷಕನೆಂಬುದು ಅವನ ದೃಢವಾದ ನಂಬಿಕೆ. ಮಹಾರಾಷ್ಟ್ರದ 1967ರ ಕಾಯಿದೆಯಲ್ಲಿ ಅಂಥ ಕರವಿಲ್ಲ: ಊರವರು ಸಂಸ್ಥೆ ಕಟ್ಟಬೇಕು, ಗ್ರಂಥಗಳನ್ನು ಕೂಡಿಹಾಕಬೇಕು, ಸರಕಾರವು ಪರೀಕ್ಷಿಸಿ ಅ, ಬ, ಕ, ಡ ಎಂದು ವರ್ಗ ಕೊಟ್ಟು, ವರ್ಗಕ್ಕೆ ತಕ್ಕ ಅನುದಾನ ಕೊಡಬೇಕು. ಆಯುಷ್ಯವೆಲ್ಲ ಹುಡುಗರಿಗೆ ಅಂಕಗಳನ್ನು ಹಾಕಿದ ನಾನು ಮುಪ್ಪಿನಲ್ಲಿ ‘ಡ’ ವರ್ಗದಲ್ಲಿ ಪಾಸಾಗಲಿಕ್ಕೆ ಅರ್ಜಿ ಹಾಕುವುದು ಸರಿಕಾಣದೆ, ಕಪಾಟು ಇಂದಿಗೂ ವರ್ಗಾತೀತವಾಗಿ ಉಳಿದಿದೆ.

ಪುಸ್ತಕಗಳ ವರ್ಗೀಕರಣದಲ್ಲಿಯೂ ನನಗೆ ಜಯ ದೊರೆಯಲಿಲ್ಲ. ಕನ್ನಡಕ್ಕೆ ಮೇಲಿನ ಫಳಿ, ಮರಾಠಿಗೆ ನಡುವಿನ ಫಳಿ ಎಂದು ಸುಲಭವಾಗಿ ವಿಭಾಗಿಸಬಹುದೆಂದುಕೊಂಡಿದ್ದವನಿಗೆ, ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಗಳಗನಾಥರೇ ಮೊದಲು ಅಡ್ಡಬಂದರು. ಮರಾಠಿ ರಂಗಭೂಮಿಯ ಆರಂಭವೆನ್ನುವ 1843ರ ಸೀತಾಸ್ವಯಂವರವನ್ನು ನಮ್ಮ ಜಿಲ್ಲೆಯ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ಆಡಿದ್ದು ಕನ್ನಡ ಭಾಗವತಮೇಳದ ಆಟವನ್ನು ಕಂಡ ಪ್ರೇರಣೆಯಿಂದ ಎಂದ ಮೇಲೆ, ಅವರ ಫಳಿ ಯಾವುದು? ವ್ಯಂಕಟೇಶ ಮಾಡಗೂಳಕರರ 1955ರ ‘ಬನಗರವಾಡಿ’ಯಾದರೂ ನಿಸ್ಸಂದೇಹವಾಗಿ ಮರಾಠಿಯೆಂದು ನಡುವಿನ ಫಳಿಯಲ್ಲಿಟ್ಟಿದ್ದೆನು. ಆಟಪಾಡಿ ಸೀಮೆಯ ಆ ಲೇಖಕನು ಕುರುಬರ ಹಳ್ಳಿಗೆ ಬಂದ ಎಳೆಯ ಮಾಸ್ತರನ ಕಥೆಯನ್ನು ಬರೆದಿದ್ದಾನೆಂದು ನಾನು ಕಟ್ಟೆಯ ಮೇಲೆ ವಿವರಿಸುತ್ತಿದ್ದಾಗ, ಕುರಿ ಕಾಯುವ ಅಜ್ಜನೊಬ್ಬನು ಬಹಳ ಹೊತ್ತು ಕೇಳಿ, ಆ ಕುರಿಗಳು ಮಾಡಗ್ಯಾಳ ತಳಿಯವೋ ಅಲ್ಲವೋ, ಅವುಗಳ ಮೂಗು ಗಿಳಿಯ ಮೂಗಿನಂತೆ ಬಾಗಿರುವುದಾಗಿ ಬರೆದಿದೆಯೋ ಇಲ್ಲವೋ ಎಂದು ವಿಚಾರಿಸಿದನು. ನನಗೆ ನೆನಪಿರಲಿಲ್ಲ. ಕುರಿಯ ಮೂಗನ್ನು ಗಮನಿಸದೆ ಓದಿದ್ದು ಎಂಥ ಓದು ಎಂಬಂತೆ ಕಂಬಳಿ ಕೊಡವಿ ಎದ್ದುಹೋದನು.

ಕಾರ್ಯಕ್ರಮಗಳ ವೃತ್ತಾಂತವು ಸಂಕ್ಷಿಪ್ತವಾದುದು. ಆಗಸ್ಟ್ 12, ರಂಗನಾಥನ್ನರ ಜನ್ಮದಿನದ ನಿಮಿತ್ತ ಗ್ರಂಥಪಾಲಕರ ದಿನ; ಗ್ರಂಥಪಾಲನನ್ನು ಸತ್ಕರಿಸಬೇಕಾದ ಅಧ್ಯಕ್ಷನೂ, ಸತ್ಕಾರಕ್ಕೆ ಪಾತ್ರನಾದ ಗ್ರಂಥಪಾಲನೂ, ಆಭಾರ ಮನ್ನಿಸುವವನೂ ನಾನೊಬ್ಬನೇ ಆದುದರಿಂದ, ಹಾರವನ್ನು ಮಾರುತಿ ದೇವರಿಗೆ ಹಾಕಿ ಬಂದೆನು. ಅಕ್ಟೋಬರ್ 15ರ ವಾಚನ ಪ್ರೇರಣಾ ದಿನದಂದು ಹುಡುಗರು ಬಂದರು, ಚುನಮುರಿ ತಿಂದರು, ಹೋದರು. ನವೆಂಬರ್ 14ರಿಂದ 20ರ ವರೆಗಿನ ಗ್ರಂಥಾಲಯ ಸಪ್ತಾಹಕ್ಕೆ ಮಾತ್ರ ಉಪನ್ಯಾಸ, ಪ್ರದರ್ಶನ, ಪ್ರಕಟವಾಚನ ಎಂದು ಭರ್ಜರಿಯಾಗಿ ಫಲಕ ಬರೆದೆನು. ಆದರೆ ಯಾವ ಪುಣ್ಯಾತ್ಮನು ಈ ಸಪ್ತಾಹವನ್ನು ಗೊತ್ತುಪಡಿಸಿದನೋ, ಅವನು ಜತ್ತ ತಾಲೂಕಿನ ಬರವನ್ನು ಕಂಡವನಲ್ಲ. ದೀಪಾವಳಿಯ ಸುಮಾರಿಗೆ ಕಬ್ಬು ಕಡಿಯುವ ಟೋಳಿಗಳು ಮುಕಾದಮರಿಂದ ಮುಂಗಡದ ಉಚಲು ಹಿಡಿದು, ಕೀಲಿ ಜಡಿದು, ಕೋಳಿ, ಕೂಸು, ಗಂಟುಮೂಟೆಗಳ ಸಮೇತ ಪಶ್ಚಿಮದ ಸಕ್ಕರೆ ಕಾರಖಾನೆಗಳ ಕಡೆಗೆ ಹೊರಟುಬಿಡುತ್ತವೆ; ಉಳಿದವರು ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಯ ಗದ್ದಲದಲ್ಲಿರುತ್ತಾರೆ. ನನ್ನ ಉಪನ್ಯಾಸವನ್ನು ನೆರೆಮನೆಯ ಆಯಿಯೊಬ್ಬಳೇ ಹಪ್ಪಳಕ್ಕೆ ಕಾಗೆ ಮುಟ್ಟದಂತೆ ಕಾಯುತ್ತ ಕೇಳಿದಳು.

ಆ ಸಪ್ತಾಹದ ಪ್ರದರ್ಶನಕ್ಕೆಂದು ಹುಡುಕಿದಾಗ ಗಳಗನಾಥರ ಒಂದು ಕಾದಂಬರಿಯು ಕಾಣೆಯಾಗಿದ್ದುದು ತಿಳಿಯಿತು. ರಜಿಸ್ಟರಿನಲ್ಲಿ ಕಬ್ಬಿನ ಟೋಳಿಯ ಹೆಂಗಸೊಬ್ಬಳ ಹೆಬ್ಬೆಟ್ಟಿನ ಗುರುತೊಂದೇ ಸಾಕ್ಷಿ. ಓದಲು ಬಾರದವಳು ಕಾದಂಬರಿಯನ್ನೇಕೆ ಒಯ್ದಳೆಂದು ನಾನು ಚಳಿಗಾಲವೆಲ್ಲ ಚಿಂತಿಸಿದೆನು.

ಯುಗಾದಿ ಸಮೀಪಿಸಿದಾಗ ಟೋಳಿಯು ಮರಳಿತು. ಮರುದಿನ ಬೆಳಿಗ್ಗೆ ಹೆಬ್ಬೆಟ್ಟಿನ ಒಡತಿಯು ಹನ್ನೆರಡು ಮಂದಿಯನ್ನು ಬೆನ್ನಿಗೆ ಕಟ್ಟಿಕೊಂಡು ಬಂದು, ತಲೆಯ ಮೇಲಿನ ಗಂಟನ್ನಿಳಿಸಿ, ಬೆಲ್ಲದ ವಾಸನೆ ಹಿಡಿದ ಪುಸ್ತಕವನ್ನು ಹೊರತೆಗೆದಳು. ಗಳಗನಾಥರು ತಮ್ಮ ಪುಸ್ತಕಗಳ ಹೊರೆಯನ್ನು ತಲೆಯ ಮೇಲೆ ಹೊತ್ತು ಊರೂರು ಮಾರಿದವರಲ್ಲವೆ. ಅವರ ಪುಸ್ತಕಕ್ಕೆ ಆ ಪ್ರಯಾಣವು ಹೊಸದಲ್ಲ. ಏಳನೆಯ ಇಯತ್ತೆ ಕಲಿತ ಅವಳ ಮಗನು ರಾತ್ರಿ ಗುಡಿಸಲ ಮುಂದೆ ಕಂದೀಲು ಹಚ್ಚಿ ದಿನಕ್ಕಿಷ್ಟು ಓದಿ ಹೇಳಿದ್ದನಂತೆ.

“ಕಡೀ ಹಾಳಿ ಇಲ್ಲರಿ ಮಾಸ್ತರ. ನಾವ್ ಕಳದೀವೊ, ಮೊದಲ ಇದ್ದಿಲ್ಲೊ, ದೇವರಿಗೇ ಗೊತ್ತು. ಕಡೀಕ ಏನಾತ್ರಿ? ಇವ್ರು ಒಬ್ಬೊಬ್ರು ಒಂದೊಂದ್ ಹೇಳ್ತಾರ, ದಿನಾ ಜಗಳ.”

ಹದಿಮೂರು ಜನರು ನನ್ನ ಮುಖವನ್ನೇ ನೋಡುತ್ತಿದ್ದರು. ಆ ಪುಸ್ತಕಕ್ಕೆ ನಾನು ರಟ್ಟು ಕಟ್ಟಿದ್ದೆನು, ಶಿಕ್ಕೆ ಹೊಡೆದಿದ್ದೆನು, ಅಂಕೆ ಹಾಕಿದ್ದೆನು, ಓದಿರಲಿಲ್ಲ. ಮೊದಲು ಎಲ್ಲರೂ ಚಹಾ ಕುಡಿಯಲಿ ಎಂದು ಕಾಲಹರಣ ಮಾಡುತ್ತಿರುವಾಗ, ಹಿತ್ತಾಳೆಯ ತಾಟಿನಲ್ಲಿ ಕಪ್ಪುಬಶಿಗಳನ್ನು ಹೊತ್ತು ಹೊಸ್ತಿಲು ದಾಟಿದ ನನ್ನ ಪತ್ನಿಯು, “ಅವ್ರಿಗೇನ್ ಕೇಳ್ತಿ, ಕೂಡವ್ವಾ, ನಾ ಹೇಳ್ತೀನಿ” ಎಂದಳು. ಮಧ್ಯಾಹ್ನ ನಾನು ಮಲಗಿದ ಹೊತ್ತಿನಲ್ಲಿ ಮೇಲಿನ ಫಳಿಯನ್ನೆಲ್ಲ ಅವಳು ಯಾವಾಗಲೋ ಮುಗಿಸಿ, ನಡುವಿನ ಫಳಿಗೆ ಇಳಿದಿದ್ದಳಂತೆ. ಟೋಳಿಯವರು ನೆಲದ ಮೇಲೆ ಕುಳಿತರು. ಕಂಬದ ಹತ್ತಿರ ಸ್ವಲ್ಪ ಸ್ಥಳ ಮಾಡಿಸಿಕೊಂಡು ನಾನೂ ಕುಳಿತೆನು.