ಮಣೆ ಮಾಡಲು ಬೇಕಾದ ಆಯುಧಗಳು

ಮರಗೆಲಸದ ಗೀಳು ಹತ್ತಿದವನನ್ನು ಗುರುತು ಹಿಡಿಯುವುದು ಸುಲಭ. ಮದುವೆ ಮನೆಯಲ್ಲಿ ಎಲ್ಲರೂ ಹೋಳಿಗೆಗೆ ಕಾಯುತ್ತಿದ್ದರೆ ಇವನು ಊಟದ ಮೇಜಿನ ಅಡಿಗೆ ಬಗ್ಗಿ, ಕಾಲು ಹೇಗೆ ಕೂರಿಸಿದ್ದಾರೆಂದು ನೋಡುತ್ತಿರುತ್ತಾನೆ. ದೇವಸ್ಥಾನದಲ್ಲಿ ಮಂಗಳಾರತಿ ಆಗುವಾಗ ಇವನ ಕಣ್ಣು ಬಾಗಿಲವಾಡದ ಮೂಲೆಯ ಮೇಲೆ. ಯಾರ ಮನೆಗಾದರೂ ಹೋದರೆ ಕುಶಲ ವಿಚಾರಿಸುವ ಮೊದಲೇ ಟೀಪಾಯಿಯನ್ನು ಬೆರಳಲ್ಲಿ ಕುಟ್ಟಿ, "ಪ್ಲೈವುಡ್ಡು" ಎಂದು ಗೊಣಗುತ್ತಾನೆ. ಇಷ್ಟರವರೆಗೆ ಯಾರಿಗೂ ನಷ್ಟವಿಲ್ಲ. ಸಾಮಾನು ಕೊಳ್ಳಲು ಹೊರಟ ಮೇಲೆ ಮಾತ್ರ ರೋಗ ಮನೆಮಂದಿಗೆಲ್ಲ ತಟ್ಟುತ್ತದೆ.

ನನ್ನ ಕನಸು ಎಂಟು ಜನ ಕೂರುವ ಊಟದ ಮೇಜು. ಮನೆಯಲ್ಲಿರುವವರು ಮೂವರೇ, ಇಡಲು ಜಾಗವೂ ಇಲ್ಲ ಎಂಬುದೆಲ್ಲ ಸಣ್ಣ ವಿಷಯ. "ರೀ, ಮೊದಲು ಒಂದು ಮಣೆ ಮಾಡಿ ತೋರಿಸಿ. ಮೇಜಿನ ಮಾತು ಆಮೇಲೆ" ಎಂದಳು ಹೆಂಡತಿ. ಅವಳು ಹೇಳಿದ್ದು ನನ್ನ ಬಾಯಿ ಮುಚ್ಚಿಸಲು. ಆದರೆ ಮರಗೆಲಸ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಸಲಹೆಯನ್ನು ನಾನು ಇದುವರೆಗೂ ಕೇಳಿಲ್ಲ. ಮಣೆ ಎಂದರೆ ಒಂದು ಹಲಗೆ, ಅಡಿಯಲ್ಲಿ ಎರಡು ಪಟ್ಟಿ. ಅದಕ್ಕೆ ಬೇಕಾದ್ದನ್ನಷ್ಟೇ ಕೊಂಡರೆ ಅರ್ಧ ಸಂಬಳವಾದರೂ ಉಳಿಯುತ್ತದೆ.

ಬೆಂಗಳೂರಿನಲ್ಲಿ ಇಂಥ ಸಾಮಾನಿಗೆ ಎಸ್‌.ಜೆ.ಪಿ. ರಸ್ತೆ. ಅಲ್ಲಿ ಕಾಲಿಟ್ಟರೆ ಮೊದಲು ಎದುರಾಗುವ ಅಪಾಯ ಸೆಟ್ಟು. ಆರು ಉಳಿಯ ಸೆಟ್ಟು, ನೂರೆಂಟು ತುಂಡಿನ ಸ್ಪ್ಯಾನರ್ ಸೆಟ್ಟು, ಡ್ರಿಲ್ಲಿನ ಜೊತೆ ಪೆಟ್ಟಿಗೆ ತುಂಬ ಬಿಟ್ಟುಗಳ ಸೆಟ್ಟು. ಸೆಟ್ಟಿನ ಗುಣವೆಂದರೆ ಅದರಲ್ಲಿ ನಮಗೆ ಬೇಕಾದ ಎರಡು ವಸ್ತು ಇದ್ದೇ ಇರುತ್ತವೆ. ಉಳಿದವು ಅವಕ್ಕೆ ಜೊತೆಯಾಗಿ ಮನೆಗೆ ಬಂದು ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಳ್ಳುತ್ತವೆ. ಉಳಿಯಲ್ಲಿ ಅರ್ಧ ಇಂಚಿನದೊಂದು, ಒಂದು ಇಂಚಿನದೊಂದು ಇದ್ದರೆ ಧಾರಾಳವಾಯಿತು. ಕಾಲಿಂಚಿನದು ಬೇಕೆನಿಸಿದ ದಿನ ನೀವೇ ಹೋಗಿ ತರುತ್ತೀರಿ, ಯಾಕೆ ಬೇಕು ಎಂಬುದೂ ಅಷ್ಟರಲ್ಲಿ ಗೊತ್ತಾಗಿರುತ್ತದೆ.

ಮೂಲೆಮಟ್ಟವನ್ನು ಮಾತ್ರ ಅಂಗಡಿಯಲ್ಲೇ ಪರೀಕ್ಷೆ ಮಾಡಿ ಕೊಳ್ಳಬೇಕು. ಅಂಚು ನೇರವಿರುವ ಒಂದು ತುಂಡು ಪ್ಲೈವುಡ್ ಕೇಳಿ. ಮಟ್ಟದ ದಪ್ಪ ಹಿಡಿಯನ್ನು ಆ ಅಂಚಿಗೆ ಒತ್ತಿ ಹಿಡಿದು, ಚೂಪಾದ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಿರಿ. ಈಗ ಮಟ್ಟವನ್ನು ಮಗುಚಿ, ಎಡಕ್ಕಿದ್ದ ಹಿಡಿ ಬಲಕ್ಕೆ ಬರುವಂತೆ ಇಟ್ಟು, ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ಮಟ್ಟ ಸಾಚಾ. ಮೇಲೆ ಹೋಗುತ್ತಾ ದೂರವಾದರೆ, ಕಾಣುವ ಅಂತರ ಅದರ ತಪ್ಪಿನ ಎರಡರಷ್ಟು. ಜಾತಕ ಕೂಡಿಸುವ ಜೋಯಿಸರ ಗಾಂಭೀರ್ಯದಿಂದ ನಾನು ಇದನ್ನು ಮಾಡುತ್ತಿದ್ದರೆ ಅಂಗಡಿಯವರು, "ಸಾರ್, ಇಂಜಿನಿಯರಾ?" ಎಂದರು. ಬ್ಯಾಂಕು ಎಂದೆ. "ಹಾಗಾದ್ರೆ ಸರಿ" ಎಂದು ಇನ್ನೊಂದು ಮಟ್ಟ ತೆಗೆದಿಟ್ಟರು. ಯಾವುದು ಸರಿ ಎಂದು ನಾನು ಕೇಳಲಿಲ್ಲ.

ಗರಗಸದ ವಿಷಯದಲ್ಲಿ ಆಚಾರ್ರ ಮಾತು ಕೇಳಿದೆ. ಎದುರು ಮನೆಯ ಬಾಗಿಲು ಕೂರಿಸಲು ಬಂದಿದ್ದರು. "ಅಡ್ಡ ಕೊಯ್ಯೋಕೆ ಸಣ್ಣ ಹಲ್ಲಿಂದು ತಗೊಳ್ಳಿ. ಉದ್ದ ಸೀಳೋದು ನಿಮ್ಮ ಕೈಲಾಗಲ್ಲ, ಸಾಮಿಲ್‌ನಲ್ಲಿ ಸೀಳಿಸ್ಕೊಂಡು ಬನ್ನಿ" ಎಂದರು. ನನ್ನ ತೋಳುಗಳನ್ನು ಅವರು ಅಳೆದು ನೋಡಿದ್ದು ಕೊಂಚ ಬೇಸರವೆನಿಸಿದರೂ ಸಲಹೆ ಅಪ್ಪಟ ಸತ್ಯ. ಅಲ್ಲೇ ತೋಪಡ ಹೊಡೆಸಿಕೊಂಡು ಬಂದರೆ ಆ ದುಬಾರಿ ವಸ್ತುವನ್ನೂ ಸದ್ಯಕ್ಕೆ ಮುಂದೂಡಬಹುದು. ಗರಗಸದ ಹಲ್ಲುಗಳನ್ನು ಹತ್ತಿರದಿಂದ ನೋಡಿ: ಒಂದು ಎಡಕ್ಕೆ, ಒಂದು ಬಲಕ್ಕೆ ಚೂರು ಬಾಗಿರುತ್ತವೆ. ಹಾಗಿದ್ದರೇ ಸೀಳು ಅಲಗಿಗಿಂತ ಅಗಲವಾಗಿ, ಅಲಗು ಮರದಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಆ ಅಗಲದಷ್ಟು ಮರ ಪುಡಿಯಾಗಿ ಹೋಗುತ್ತದೆ. ಆದ್ದರಿಂದ ಕೊಯ್ಯಬೇಕಾದದ್ದು ಗೆರೆಯ ಮೇಲಲ್ಲ, ಗೆರೆಯ ಪಕ್ಕ, ಬಿಸಾಡುವ ತುಂಡಿನ ಕಡೆಗೆ.

ಮಾತಿನ ನಡುವೆ ಆಚಾರ್ರ ಚೀಲ ಇಣುಕಿದೆ. ಕರೆಂಟಿನ ಕಟರ್, ಬ್ಯಾಟರಿ ಡ್ರಿಲ್, ಫೆವಿಕಾಲ್ ಡಬ್ಬಿ. ಕೈಗರಗಸ ತಳದಲ್ಲೆಲ್ಲೋ ಇತ್ತು. "ನಾವು ಬಿಟ್ಟಿದ್ದನ್ನ ನೀವು ಹಿಡ್ಕೊಂಡಿದೀರಿ, ಹಿಡ್ಕೊಳ್ಳಿ" ಎಂದು ನಕ್ಕರು. ಆಮೇಲೆ ನನ್ನ ಹೊಸ ಉಳಿಯನ್ನು ಕೈಗೆ ತೆಗೆದುಕೊಂಡು, ಬಾಯಿಗೆ ಅಡ್ಡಲಾಗಿ ಹೆಬ್ಬೆರಳು ಸವರಿ ಕೇಳಿದರು: "ಕಲ್ಲೆಲ್ಲಿ?"

ಅಂಗಡಿಯಿಂದ ಬಂದ ಉಳಿ ಮಸೆದ ಉಳಿಯಲ್ಲ. ಕಾರ್ಖಾನೆಯವರು ಅದಕ್ಕೆ ಓರೆ ಕೊಟ್ಟಿರುತ್ತಾರೆ, ಹರಿತ ಕೊಟ್ಟಿರುವುದಿಲ್ಲ. ಎರಡು ಮುಖದ ಸಾಣೆಕಲ್ಲು, ಒಂದು ಕಡೆ ತರಿ ಒಂದು ಕಡೆ ನುಣುಪು, ಉಳಿಗಿಂತ ಅಗ್ಗ. ಅದನ್ನು ಯಾರೂ ಕೊಳ್ಳುವುದಿಲ್ಲ, ಏಕೆಂದರೆ ಅದು ಯಾವ ಸೆಟ್ಟಿನಲ್ಲೂ ಇರುವುದಿಲ್ಲ. ನೀರು ಚಿಮುಕಿಸಿ, ಉಳಿಯ ಬೆನ್ನನ್ನು ಕಲ್ಲಿನ ಮೇಲೆ ಮಟ್ಟಸವಾಗಿ ಉಜ್ಜಬೇಕು. ಆಮೇಲೆ ಓರೆಯನ್ನು ಸುಮಾರು 25ರಿಂದ 30 ಡಿಗ್ರಿಯಲ್ಲಿ, ಕೈ ಅಲುಗದಂತೆ. ಉಜ್ಜುತ್ತಾ ಹೋದರೆ ಬೆನ್ನಿನ ತುದಿಯುದ್ದಕ್ಕೂ ಕಣ್ಣಿಗೆ ಕಾಣದ, ಬೆರಳಿಗೆ ತೊಡರುವ ಸಣ್ಣ ಏಣೊಂದು ಏಳುತ್ತದೆ. ಅದು ಎದ್ದಿತೆಂದರೆ ಓರೆ ತುದಿಯವರೆಗೂ ಮಸೆಯಿತೆಂದು ಲೆಕ್ಕ. ನುಣುಪು ಮುಖದಲ್ಲಿ ಬೆನ್ನನ್ನೊಮ್ಮೆ ಉಜ್ಜಿ ಅದನ್ನು ತೆಗೆದರೆ ಮುಗಿಯಿತು.

ಹರಿತವಾಯಿತೋ ಇಲ್ಲವೋ ಎಂದು ನೋಡುವ ರೂಢಿಯ ಕ್ರಮವೆಂದರೆ ಎಡಗೈಯ ಕೂದಲು ಹೆರೆಯುವುದು. ಇದರಿಂದ ನನ್ನ ಮುಂಗೈ ಮೇಲೆ ಬೋಳು ಜಾಗವೊಂದು ಕಾಯಂ ಆಗಿದೆ. ಬ್ಯಾಂಕಿನಲ್ಲಿ ಒಬ್ಬರು ಮರುಕದಿಂದ ಚರ್ಮದ ಡಾಕ್ಟರ ವಿಳಾಸ ಬರೆದುಕೊಟ್ಟರು.

ಹಿಡಿದುಕೊಳ್ಳುವುದು ಇನ್ನೊಂದು ಸಮಸ್ಯೆ. ಹಳೆಯ ಆಚಾರ್ರು ನೆಲದಲ್ಲಿ ಕೂತು ಹಲಗೆಯನ್ನು ಪಾದದಿಂದ ಒತ್ತಿ ಹಿಡಿಯುತ್ತಾರೆ. ನಾನು ಹಾಗೆ ಕೂತರೆ ಏಳಿಸಲು ಇಬ್ಬರು ಬೇಕು. ಆದ್ದರಿಂದ ಎರಡು ಜಿ ಕ್ಲಾಂಪ್ ಅನಿವಾರ್ಯ. ಅವು ಹಲಗೆಯನ್ನು ಅಡುಗೆಕಟ್ಟೆಯ ಅಂಚಿಗೆ ಭದ್ರವಾಗಿ ಬಿಗಿಯುತ್ತವೆ. ಎರಡು ಕೈಯೂ ಅಲಗಿನ ಹಿಂದೆಯೇ ಇರುತ್ತವೆ. ಅಡುಗೆಕಟ್ಟೆಯ ಒಡತಿಯ ಒಪ್ಪಿಗೆ ಪಡೆಯುವುದು ಹೇಗೆಂದು ಹೇಳಿಕೊಡುವಷ್ಟು ಪರಿಣತಿ ನನಗಿನ್ನೂ ಬಂದಿಲ್ಲ.

ಇನ್ನು ಮರ. ಮೊದಲಿಗೇ ಸಾಗುವಾನಿ ಬೇಡ. ಅದರ ಬೆಲೆ ಕೇಳಿದರೆ ಕೈ ನಡುಗುತ್ತದೆ, ನಡುಗುವ ಕೈಯಲ್ಲಿ ಗೆರೆ ನೇರ ಬರುವುದಿಲ್ಲ. ಕೈ ಪಳಗಿಸಲು ಸಾಮಿಲ್‌ನ ಸಿಲ್ವರ್ ಓಕ್ ತುಂಡುಗಳಿವೆ, ಮಣೆಗೆ ಹಲಸು ಇದೆ. ಹೊಸದರಲ್ಲಿ ಅರಿಶಿನ ಬಣ್ಣ, ವರ್ಷ ಕಳೆದಂತೆ ಕಂದು. ಪಟ್ಟಿಗಳಿಗೆ ಸ್ಕ್ರೂ ತೂತು ಕೊರೆಯುವಾಗ ಅವನ್ನು ಹಲಗೆಯ ಅಗಲದ ದಿಕ್ಕಿಗೆ ತುಸು ಉದ್ದುದ್ದ ಮಾಡಿ. ಮಳೆಗಾಲದಲ್ಲಿ ಹಲಗೆ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಬಿಗಿದು ಕಟ್ಟಿಹಾಕಿದರೆ ಎಲ್ಲಾದರೂ ಸೀಳಿಬಿಡುತ್ತದೆ.

ನನ್ನ ಮಣೆ ಕೊನೆಗೂ ಆಯಿತು. ಅದರ ಮೇಲೆ ಕೂತವರು ಯಾರೂ ದೂರಿಲ್ಲ. ಪಕ್ಕಕ್ಕೆ ಒಂಚೂರು ವಾಲುತ್ತಾರೆ, ಅಷ್ಟೇ.

ಕೊನೆಯದಾಗಿ ಒಂದು ವಿನಂತಿ. ಗರಗಸ ಕೇಳಿದವರಿಗೆ ಕೊಡಿ, ಸುತ್ತಿಗೆಯನ್ನೂ ಕೊಡಿ. ಮಸೆದ ಉಳಿಯನ್ನು ಮಾತ್ರ, ಹೆಂಡತಿಯ ತಮ್ಮನೇ ಬಂದು ಕೇಳಿದರೂ ಕೊಡಬೇಡಿ. ಅವನಿಗೆ ಬೇಕಾಗಿರುವುದು ಪೇಂಟ್ ಡಬ್ಬಿಯ ಮುಚ್ಚಳ ಎಬ್ಬಲು. ಅದಕ್ಕೆಂದೇ ಹಳೆಯ ಸ್ಕ್ರೂಡ್ರೈವರ್ ಒಂದನ್ನು ಎಲ್ಲರ ಕಣ್ಣಿಗೆ ಬೀಳುವ ಹಾಗೆ ಬಾಗಿಲ ಪಕ್ಕದಲ್ಲಿ ಇಟ್ಟುಕೊಂಡಿರಿ.